ಸೈಕೋಡೈನಮಿಕ್ ಥೆರಪಿಯಾ, ಸಿಬಿಟಿಯಾ?

ಮನಸ್ಸಿನ ತೊಂದರೆಗೆ ಮಾತಿನ ಮೂಲಕ ಕೊಡುವ ಈ ಎರಡು ಚಿಕಿತ್ಸೆಗಳಲ್ಲಿ ಯಾವುದಕ್ಕೆ ಹೋಗಲಿ ಅಂತ ಕೇಳಿದ್ದೀರಿ. ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಈಗಿನ ಯೋಚನೆ, ನಡವಳಿಕೆಗಳ ಮೇಲೆ ಕೆಲಸ ಮಾಡುತ್ತದೆ; ಸೈಕೋಡೈನಮಿಕ್ ಅವುಗಳ ಬೇರನ್ನು ಹಳೆಯ ಅನುಭವಗಳಲ್ಲಿ ಹುಡುಕುತ್ತದೆ. ಮೊದಲು ಸಮಯ, ದುಡ್ಡು ನೋಡೋಣ. ಸಿಬಿಟಿ ಸಾಮಾನ್ಯವಾಗಿ ವಾರಕ್ಕೊಂದರಂತೆ 12ರಿಂದ 20 ಭೇಟಿಗಳಲ್ಲಿ ಮುಗಿಯುತ್ತದೆ. ಸೈಕೋಡೈನಮಿಕ್‌ನಲ್ಲೂ ಕೆಲವೇ ತಿಂಗಳ ಬಗೆ ಇದೆ, ಆದರೆ ಅದು ವರ್ಷಗಟ್ಟಲೆ ನಡೆಯುವುದೂ ಉಂಟು. ಕೈ ಬಿಗಿ ಇದ್ದರೆ ಮೊದಲೇ ಲೆಕ್ಕ ಹಾಕಿ.

ಒಳಗೆ ನಡೆಯುವ ಕೆಲಸವೂ ಬೇರೆ. ಮ್ಯಾನೇಜರ್ ನಿಮ್ಮ ಮೆಸೇಜಿಗೆ ಉತ್ತರಿಸಲಿಲ್ಲ, ಎದೆ ಢವಢವ ಅನ್ನುತ್ತಿದೆ ಅಂದುಕೊಳ್ಳಿ. ಸಿಬಿಟಿಯವರು ಹಾಳೆ ಕೊಟ್ಟು, ಆ ಕ್ಷಣ ಏನು ಯೋಚಿಸಿದಿರಿ, ಅದಕ್ಕೆ ಪುರಾವೆ ಏನು ಅಂತ ಬರೆಸುತ್ತಾರೆ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಹಾಕಿಕೊಟ್ಟ ದಾರಿ ಇದು. ಸೈಕೋಡೈನಮಿಕ್ ಥೆರಪಿಸ್ಟ್, ಮೊದಲು ಯಾರ ಮೌನಕ್ಕೆ ಹೀಗೆ ಹೆದರಿದ್ದಿರಿ ಅಂತ ನಿಮ್ಮ ಜೊತೆ ಹುಡುಕುತ್ತಾರೆ. ಅಪ್ಪ ಸಿಟ್ಟಿನಲ್ಲಿ ಮಾತು ಬಿಡುತ್ತಿದ್ದದ್ದು ನೆನಪಾಗಬಹುದು. ಮುಂದೊಂದು ದಿನ ಥೆರಪಿಸ್ಟ್ ಸುಮ್ನೆ ಕೂತಾಗಲೂ ಅದೇ ಭಯ ಬರಬಹುದು. ಹಳೆಯ ಸಂಬಂಧದ ಭಾವನೆ ಹೀಗೆ ಥೆರಪಿಸ್ಟ್ ಕಡೆ ಹೊರಳುವುದನ್ನೇ ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ಟ್ರಾನ್ಸ್‌ಫರೆನ್ಸ್ ಅಂದರು. ಅದನ್ನು ಅಲ್ಲೇ, ಆಗಲೇ ಮಾತಾಡಬಹುದು. ಈ ಪದ್ಧತಿಯ ದೊಡ್ಡ ಶಕ್ತಿ ಇದೇ ಅಂತ ನನಗನ್ನಿಸುತ್ತದೆ.

ಪ್ಯಾನಿಕ್, ಫೋಬಿಯಾ, ಒಸಿಡಿ (ಬೇಡವೆಂದರೂ ಮರುಕಳಿಸುವ ಯೋಚನೆ, ಅದಕ್ಕಾಗಿ ಮತ್ತೆ ಮತ್ತೆ ಮಾಡುವ ಕೆಲಸ) ಇದ್ದರೆ ಸಿಬಿಟಿಯಿಂದ ಶುರು ಮಾಡಿ. ಗಲೀಜಿನ ಭಯವಿದ್ದವರಿಗೆ, ಮುಟ್ಟಿದ ಮೇಲೂ ಕೈ ತೊಳೆಯದೆ ಇರುವ ಅಭ್ಯಾಸವೇ ಅಲ್ಲಿ ಮುಖ್ಯ. ಸಂಬಂಧಗಳು ಪ್ರತಿ ಸಲ ಒಂದೇ ಕಡೆ ಮುರಿಯುತ್ತಿದ್ದರೆ ಸೈಕೋಡೈನಮಿಕ್ ಹೆಚ್ಚು ಹೊಂದುತ್ತದೆ. ಖಿನ್ನತೆಗೆ ಎರಡೂ ನೆರವಾಗುತ್ತವೆ. ಸಿಬಿಟಿಗೆ ಹೋಗುವುದಾದರೆ, ಮನೆಯಲ್ಲಿ ಹೋಂವರ್ಕ್ ಮಾಡುವ ಮನಸ್ಸಿದೆಯಾ ನೋಡಿಕೊಳ್ಳಿ. ಸಾಯುವ ಯೋಚನೆ ಬರುತ್ತಿದ್ದರೆ ಆಯ್ಕೆ ಆಮೇಲೆ. ಈಗಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.