ಕುಲುಮೆಯ ಕಿಟಕಿಗೆ ಸಫೈರ್ ಹಾಕಬೇಕೋ, ಜಿಂಕ್ ಸೆಲೆನೈಡ್ ಹಾಕಬೇಕೋ?

ಬಿಸಿ ಎಷ್ಟು ತಾಳುತ್ತದೆ ಎಂದು ಕೇಳುವ ಮೊದಲು, ಕುಲುಮೆಯ ಬಿಸಿ ಅಳೆಯುವ ನಿಮ್ಮ ಕ್ಯಾಮೆರಾ ಯಾವ ತರಂಗಾಂತರದಲ್ಲಿ (ಲೆಕ್ಕ ಮೈಕ್ರಾನ್‌ನಲ್ಲಿ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ನೋಡುತ್ತದೆ ಎಂಬುದನ್ನು ತಿಳಿದುಕೊಳ್ಳಿ. ಅರ್ಧ ಆಯ್ಕೆ ಅಲ್ಲೇ ಮುಗಿಯುತ್ತದೆ.

ಬಿಸಿ ತಾಳುವುದರಲ್ಲಿ ಸಫೈರ್‌ಗೆ ಸಾಟಿಯಿಲ್ಲ. ಕರಗುವುದು 2,040 ಡಿಗ್ರಿ ಸೆಲ್ಸಿಯಸ್ ಹತ್ತಿರ. ಗೀರು ಬೀಳುವುದೂ ಅಪರೂಪ. ಆದರೆ ಅದು ಇನ್ಫ್ರಾರೆಡ್ ಕಿರಣವನ್ನು ಹಾಯಲು ಬಿಡುವುದು ಸುಮಾರು 5 ಮೈಕ್ರಾನ್‌ವರೆಗೆ ಮಾತ್ರ. 8–14 ಮೈಕ್ರಾನ್‌ನ ಸಾಮಾನ್ಯ ಥರ್ಮಲ್ ಕ್ಯಾಮೆರಾವನ್ನು ಅದರ ಮುಂದೆ ಹಿಡಿದರೆ ಪರದೆಯಲ್ಲಿ ಒಂದೇ ಸಮನಾದ ಬಿಸಿ ಬಿಲ್ಲೆ ಕಾಣುತ್ತದೆ. ಅದು ಕುಲುಮೆಯದಲ್ಲ, ಸಫೈರ್‌ನ ಮೈಬಿಸಿ. ಈ ತಪ್ಪು ಬಹಳ ಕಡೆ ಆಗುತ್ತದೆ, ಏಕೆಂದರೆ ಅಂಕಿ ನಂಬುವಂತೆಯೇ ಇರುತ್ತದೆ.

ಆ ಕ್ಯಾಮೆರಾಗೆ ಜಿಂಕ್ ಸೆಲೆನೈಡ್ ಸರಿ. ಗಾಳಿಯಲ್ಲಿ 250 ಡಿಗ್ರಿ ಅದರ ಗಡಿ ಎಂದಿಟ್ಟುಕೊಳ್ಳಿ. 300ರ ಮೇಲೆ ಮೈ ಆಕ್ಸೈಡ್ ಆಗತೊಡಗುತ್ತದೆ. ಲೇಪನವಿಲ್ಲದಿದ್ದರೆ ಪ್ರತಿಫಲನದಲ್ಲೇ ಸುಮಾರು 30 ಶೇಕಡಾ ಬೆಳಕು ಹೋಗುತ್ತದೆ. ಮೃದುವಾದ ವಸ್ತು, ಒಣಬಟ್ಟೆಯಿಂದ ಉಜ್ಜಬಾರದು. ಆಮ್ಲವನ್ನಂತೂ ತಾಗಿಸಲೇಬೇಡಿ, ವಿಷಾನಿಲ ಬರುತ್ತದೆ.

ಜರ್ಮೇನಿಯಂ ಬೇಡ. 100 ಡಿಗ್ರಿ ದಾಟಿದರೆ ಮಂಕಾಗುತ್ತ ಹೋಗುತ್ತದೆ: ಬಿಸಿಯಾದಷ್ಟೂ ಕಿರಣ ಹೀರುತ್ತದೆ, ಹೀರಿದಷ್ಟೂ ಮತ್ತೆ ಬಿಸಿಯಾಗುತ್ತದೆ.

ಕ್ಯಾಲ್ಸಿಯಂ ಫ್ಲೋರೈಡ್ ಸುಮಾರು 8 ಮೈಕ್ರಾನ್‌ವರೆಗೆ ಬಿಡುತ್ತದೆ, ಲೇಪನವಿಲ್ಲದೆಯೇ 90 ಶೇಕಡಾಕ್ಕಿಂತ ಹೆಚ್ಚು. ಅದರ ತೊಂದರೆ ಹಿಗ್ಗುವುದು. ಫ್ಯೂಸ್ಡ್ ಸಿಲಿಕಾಗಿಂತ (ಶುದ್ಧ ಸಿಲಿಕಾದ ಗಾಜು) ಮೂವತ್ತು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಬೋಲ್ಟ್ ಬಿಗಿಯಾಗಿದ್ದರೆ, ಇಲ್ಲವೇ ತಣ್ಣನೆಯ ಗಾಳಿ ಬಡಿದರೆ, ಅಂಚಿನಿಂದ ನಡುವಿನವರೆಗೆ ಬಿರುಕು ಓಡುತ್ತದೆ. ಎರಡೂ ಬದಿಗೆ ಗ್ರಾಫೈಟ್ ಗ್ಯಾಸ್ಕೆಟ್ ಇಟ್ಟು ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿ ಮಾಡಿ. ನಿಮಿಷಕ್ಕೆ 2–3 ಡಿಗ್ರಿಯಂತೆ ಬಿಸಿ ಏರಿಸಿ, ಇಳಿಸುವಾಗಲೂ ಅಷ್ಟೇ ನಿಧಾನ. ದಪ್ಪವೂ ಹೆಚ್ಚು ಬೇಕು: ಒಳಗೆ ನಿರ್ವಾತ, ಆಧಾರವಿಲ್ಲದ ಭಾಗ 40 ಮಿಲಿಮೀಟರ್ ಎಂದರೆ, ನಾಲ್ಕು ಪಟ್ಟು ಸುರಕ್ಷತೆ ಸೇರಿಸಿ ಸುಮಾರು 2.2 ಮಿಲಿಮೀಟರ್. ಸಫೈರ್‌ಗಾದರೆ 0.7 ಸಾಕು. ಇವು ತಣ್ಣಗಿರುವಾಗಿನ ಬಲದ ಲೆಕ್ಕ. ಬಿಸಿಯಲ್ಲಿ ಸಫೈರ್‌ನ ಬಲವೂ ಕುಗ್ಗುತ್ತದೆ, ಎರಡಕ್ಕೂ ಇನ್ನಷ್ಟು ದಪ್ಪ ಸೇರಿಸಿ.

ಕುಲುಮೆ 1,000 ಡಿಗ್ರಿಯಲ್ಲಿದ್ದು ಪೈರೋಮೀಟರ್ (ಮುಟ್ಟದೆ ದೂರದಿಂದಲೇ ಬಿಸಿ ಅಳೆಯುವ ಉಪಕರಣ) 1–1.6 ಮೈಕ್ರಾನ್‌ನದಾಗಿದ್ದರೆ ಇದ್ಯಾವುದೂ ಬೇಡ, ಫ್ಯೂಸ್ಡ್ ಸಿಲಿಕಾ ಧಾರಾಳ ಸಾಕು. ಥಟ್ಟನೆ ಬಿಸಿ ತಗುಲಿದರೂ ಒಡೆಯುವುದಿಲ್ಲ. ಕೈಗವಸು ಹಾಕಿಯೇ ಮುಟ್ಟಿ: ಬೆರಳಿನ ಬೆವರಿನ ಉಪ್ಪು ಉಳಿದ ಜಾಗ ಹೆಚ್ಚಿನ ಬಿಸಿಯಲ್ಲಿ ಹರಳುಗಟ್ಟಿ ಬೆಳ್ಳಗಾಗುತ್ತದೆ, ಆಮೇಲೆ ಎಷ್ಟು ಒರೆಸಿದರೂ ಹೋಗದು.

ಕ್ಯಾಮೆರಾದಲ್ಲಿ ಕಿಟಕಿಯ ಪಾರಕತೆ (ಎಷ್ಟು ಪಾಲು ಕಿರಣ ಹಾಯುತ್ತದೆ ಎಂಬ ಅಂಕಿ) ತುಂಬುವಾಗ ತಣ್ಣಗಿದ್ದಾಗಿನ ಅಂಕಿಯನ್ನೇ ಹಾಕಬೇಡಿ. ಕಿಟಕಿ ಕೆಲಸದ ಬಿಸಿಗೆ ಬಂದ ಮೇಲೆ, ಒಳಗೇ ಇದ್ದು ಬಿಸಿ ಅಳೆಯುವ ತಂತಿಯಾದ ಥರ್ಮೋಕಪಲ್‌ಗೆ ಹೋಲಿಸಿ ತಿದ್ದಿ.