ಪರ್ಕಿನ್ಸ್ ಬ್ರೈಲರ್: ಶಾಲೆಗೆ ಇದನ್ನು ಕೊಟ್ಟವರು ತಿಳಿಯಬೇಕಾದದ್ದು

ಅಂಧ ಮಕ್ಕಳ ಶಾಲೆಗೆ ದಾನಿಗಳು ಕೊಡುವ ವಸ್ತುಗಳಲ್ಲಿ, ಬೆರಳಿನಿಂದ ಓದುವ ಉಬ್ಬು ಚುಕ್ಕೆಗಳ ಬ್ರೈಲ್ ಲಿಪಿ ಬರೆಯುವ ಯಂತ್ರವಾದ ಪರ್ಕಿನ್ಸ್ ಬ್ರೈಲರ್‌ನಷ್ಟು ದುಡಿಯುವುದು ಇನ್ನೊಂದಿಲ್ಲ. ನಮ್ಮ ದೇಶದ ಮೊದಲ ಅಂಧರ ಶಾಲೆಯನ್ನು 1887ರಲ್ಲಿ ಅಮೃತಸರದಲ್ಲಿ ತೆರೆದವರು ಕ್ರೈಸ್ತ ಮಿಷನರಿ ಆನಿ ಶಾರ್ಪ್. ಡೆಹ್ರಾಡೂನ್ ಬಳಿಯ ರಾಜಪುರಕ್ಕೆ ಸ್ಥಳಾಂತರವಾದ ಆ ಶಾಲೆಗೆ ಈಗಲೂ ಅವರದೇ ಹೆಸರು. ಕ್ರೈಸ್ತ ಸಂಸ್ಥೆಗಳು ನಡೆಸುವ ಇಂಥ ಶಾಲೆಗಳಿಗೆ ಕೈಲಾದಷ್ಟು ಕಳಿಸುತ್ತ ಬಂದವರಿಗೆ ಬರೀ 'ಧನ್ಯವಾದ' ಎಂದರೆ ಸಾಲದು. ತಮ್ಮ ಹಣ ತರಗತಿಯಲ್ಲಿ ಏನು ಮಾಡುತ್ತಿದೆ ಎಂಬುದೂ ಅವರಿಗೆ ತಿಳಿಯಬೇಕು.

ಅಮೆರಿಕದ ಪರ್ಕಿನ್ಸ್ ಅಂಧರ ಶಾಲೆಯಲ್ಲಿ ಮರಗೆಲಸ ಕಲಿಸುತ್ತಿದ್ದ ಡೇವಿಡ್ ಅಬ್ರಹಾಂ ರೂಪಿಸಿದ ಈ ಯಂತ್ರ 1951ರಿಂದ ತಯಾರಾಗುತ್ತಿದೆ. ತಮಿಳುನಾಡಿನ ಕಾಟ್ಪಾಡಿಯ ವರ್ತ್ ಟ್ರಸ್ಟ್‌ನಲ್ಲೂ ಇದು ತಯಾರಾಗಿದೆ. ಅಂಗವಿಕಲರೇ ದುಡಿಯುವ ಕಾರ್ಖಾನೆ ಅದು. ಯಂತ್ರದ ತೂಕ ಸುಮಾರು 4.8 ಕಿಲೋ. ಕೀಲಿ ಒಂಬತ್ತು: ಅಕ್ಷರ ಮೂಡಿಸುವ ಆರು ಚುಕ್ಕೆಗಳಿಗೆ ಆರು, ಜಾಗ ಬಿಡಲು ಒಂದು, ಹಿಂದೆ ಸರಿಯಲು ಒಂದು, ಮುಂದಿನ ಸಾಲಿಗೆ ಒಂದು.

ಸ್ಲೇಟು (ಹಾಳೆ ಸಿಕ್ಕಿಸುವ ಕಿಂಡಿಗಳ ಪಟ್ಟಿ) ಮತ್ತು ಚುಚ್ಚುವ ಮೊಳೆಯಲ್ಲಿ ಬರೆಯುವ ಮಗು ಬಲದಿಂದ ಎಡಕ್ಕೆ, ಅಕ್ಷರವನ್ನು ತಿರುಗುಮುರುಗು ಮಾಡಿ ಚುಚ್ಚಬೇಕು. ಬರೆದದ್ದು ಸರಿಯೇ ಎಂದು ನೋಡಲು ಹಾಳೆ ತೆಗೆದು ಮಗುಚಬೇಕು. ಬ್ರೈಲರ್‌ನಲ್ಲಿ ಚುಕ್ಕೆ ಮೇಲ್ಮುಖವಾಗಿಯೇ ಏಳುತ್ತದೆ, ಒತ್ತಿದ ಬೆರಳೇ ಮರುಕ್ಷಣ ಓದಬಲ್ಲದು. 'ಕನ್ನಡ' ಎಂಬ ಪದವನ್ನೇ ತೆಗೆದುಕೊಳ್ಳಿ. ಭಾರತೀಯ ಭಾಷೆಗಳಿಗಾಗಿ ಇರುವ ಭಾರತಿ ಬ್ರೈಲ್‌ನಲ್ಲಿ ಅದಕ್ಕೆ ಐದು ಸೆಲ್ (ಆರು ಚುಕ್ಕೆಗಳ ಒಂದೊಂದು ಮನೆ) ಬೇಕು: ಕ, ಆಮೇಲೆ ಒತ್ತಕ್ಷರದ ಗುರುತಾದ 4ನೇ ಚುಕ್ಕೆ, ನ, ಇನ್ನೊಂದು ನ, ಡ. ಆ 4ನೇ ಚುಕ್ಕೆ ಮರೆತರೆ 'ಕನನಡ' ಆಗುತ್ತದೆ. ಸ್ಲೇಟಿನಲ್ಲಿ ಈ ತಪ್ಪು ಪುಟ ಮುಗಿದ ಮೇಲೆ ಸಿಗುತ್ತದೆ, ಇಲ್ಲಿ ಪದ ಮುಗಿಯುವಷ್ಟರಲ್ಲೇ ಸಿಗುತ್ತದೆ. ಗಣಿತದಲ್ಲಂತೂ ಇದರ ಉಪಕಾರ ಇನ್ನೂ ದೊಡ್ಡದು. ಅಂಧರು ಲೆಕ್ಕ ಮಾಡುವ ರಂಧ್ರಗಳ ಹಲಗೆಯಾದ ಟೇಲರ್ ಫ್ರೇಮಿನಲ್ಲಿ ಮೊಳೆ ಜೋಡಿಸಿ ಮಾಡಿದ ಲೆಕ್ಕ, ಮುಂದಿನ ಲೆಕ್ಕಕ್ಕೆ ಮೊಳೆ ಕಿತ್ತೊಡನೆ ಅಳಿದುಹೋಗುತ್ತದೆ. ಬ್ರೈಲರ್‌ನಲ್ಲಿ ಒಂದರ ಕೆಳಗೊಂದು ಬರೆದ ಕೂಡುವ ಲೆಕ್ಕ ಹಾಳೆಯಲ್ಲೇ ಉಳಿಯುತ್ತದೆ. ದಶಕದ ಮನೆ ಎಲ್ಲಿ ತಪ್ಪಿತೆಂದು ಶಿಕ್ಷಕಿಯೂ ಮಗುವೂ ಒಟ್ಟಿಗೆ ಮುಟ್ಟಿ ನೋಡಬಹುದು.

ಹಾಳೆ ಹಾಕುವಾಗಲೇ ಹೆಚ್ಚು ಎಡವಟ್ಟು ಆಗುವುದು. ಹಾಳೆ ಹಿಡಿಯುವ ಎರಡೂ ಸನ್ನೆಕೋಲುಗಳನ್ನು ತಮ್ಮ ಕಡೆಗೆ ಎಳೆದು, ಹಾಳೆ ನೇರವಾಗಿ ತೂರಿಸಿ, ಸನ್ನೆಕೋಲುಗಳನ್ನು ಹಿಂದಕ್ಕೆ ತಳ್ಳಬೇಕು. ಬದಿಯ ಗುಬುಟನ್ನು ತಮ್ಮ ಕಡೆಗೆ, ಅದು ತಾನಾಗಿ ನಿಲ್ಲುವವರೆಗೆ ಸುತ್ತಬೇಕು. ಆಮೇಲೆ ಸಾಲಿನ ಕೀಲಿಯನ್ನು ಒಮ್ಮೆ ಒತ್ತಲೇಬೇಕು, ಹಾಳೆ ಕಚ್ಚಿಕೊಳ್ಳುವುದು ಆಗಲೇ. ಈ ಕೊನೆಯ ಹೆಜ್ಜೆ ಬಿಟ್ಟರೆ ಮೊದಲ ಸಾಲೇ ಜಾರುತ್ತದೆ. ಒಂದು ಅಕ್ಷರದ ಚುಕ್ಕೆಗಳ ಕೀಲಿಗಳೆಲ್ಲ ಒಟ್ಟಿಗೆ ಇಳಿಯಬೇಕು, ಒಂದು ಬೆರಳು ತಡವಾದರೆ ಅಕ್ಷರವೇ ಬೇರೆಯಾಗುತ್ತದೆ. ಚಿಕ್ಕ ಮಕ್ಕಳ ಉಂಗುರದ ಬೆರಳಿಗೆ ಆ ಬಲ ಬರಲು ಸಮಯ ಹಿಡಿಯುತ್ತದೆ. ಸಾಲು ಮುಗಿಯಲು ಏಳು ಸೆಲ್ ಇರುವಾಗ ಗಂಟೆ ಬಡಿಯುವುದು ಅವರಿಗೆ ಬಲು ಇಷ್ಟ.

ಕೊರತೆಗಳೂ ಇವೆ. ಸದ್ದು ಜೋರು. ಹತ್ತು ಯಂತ್ರ ಒಂದೇ ಕೋಣೆಯಲ್ಲಿದ್ದರೆ ಅಡಿಗೆ ದಪ್ಪ ಕಂಬಳಿ ಹಾಸುವುದು ಒಳ್ಳೆಯದು. ಮನೆಗೆ ಹೊತ್ತೊಯ್ಯಲು ಭಾರ, ಹಾಗಾಗಿ ಸ್ಲೇಟನ್ನು ಪೂರ್ತಿ ಬಿಡುವಂತಿಲ್ಲ. ಧೂಳು ಇದರ ಶತ್ರು, ಕೆಲಸ ಮುಗಿದೊಡನೆ ಹೊದಿಕೆ ಹಾಕಬೇಕು. ಕೀಲಿ ಬಿಗಿಯಾಯಿತೆಂದು ಕೊಬ್ಬರಿ ಎಣ್ಣೆ ಬಿಡಲೇಬೇಡಿ. ಚಳಿಗೆ ಅದು ಹೆಪ್ಪುಗಟ್ಟುತ್ತದೆ, ಧೂಳನ್ನೂ ಹಿಡಿದಿಡುತ್ತದೆ. ಒಂದು ಚುಕ್ಕೆ ಏಳುವುದೇ ನಿಂತರೆ ತಿರುಪು ಬಿಚ್ಚಬೇಡಿ, ತರಬೇತಿ ಪಡೆದ ರಿಪೇರಿಯವರಿಗೇ ಕೊಡಿ.

ಕಾಗದದ ವಿಷಯ ದಾನಿಗಳ ಗಮನಕ್ಕೆ ಬರುವುದು ಕಡಿಮೆ. ಜೆರಾಕ್ಸ್ ಅಂಗಡಿಯ 80 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕದ ಅಳತೆ) ಹಾಳೆಯಲ್ಲಿ ನಾಲ್ಕಾರು ಸಲ ಓದುವಷ್ಟರಲ್ಲಿ ಚುಕ್ಕೆ ಕುಸಿಯುತ್ತದೆ. 120ರಿಂದ 160 ಜಿಎಸ್‌ಎಂ ಬೇಕು. ಅಳತೆ 11 ಗುಣಿಸು 11.5 ಇಂಚು ಇದ್ದರೆ ಸಾಲಿಗೆ 42 ಸೆಲ್, ಪುಟಕ್ಕೆ 25 ಸಾಲು ಸಿಗುತ್ತದೆ. ಎ4 ಹಾಕಿದರೆ ಸಾಲಿಗೆ 30ರ ಆಸುಪಾಸು. ಸಾಮಾನ್ಯ ಪುಸ್ತಕದ ಒಂದು ಪುಟ ಬ್ರೈಲ್‌ನಲ್ಲಿ ಎರಡು ಮೂರು ಪುಟವಾಗುವುದರಿಂದ ರೀಮುಗಳು ಬೇಗ ಕರಗುತ್ತವೆ.

ಆದ್ದರಿಂದ ಯಂತ್ರ ಕೊಟ್ಟವರಿಗೆ ಎಷ್ಟು ಕೃತಜ್ಞರೋ, ಜೂನ್ ಬಂತೆಂದರೆ ಹೇಳದೆಯೇ ದಪ್ಪ ಹಾಳೆಯ ಕಟ್ಟು ಕಳಿಸುವವರಿಗೂ, ಹಳೆಯ ಬ್ರೈಲರ್‌ಗಳ ರಿಪೇರಿ ಖರ್ಚು ಹೊರುವವರಿಗೂ ಅಷ್ಟೇ ಕೃತಜ್ಞರಾಗಿರಬೇಕು. ಹೊಸ ಯಂತ್ರದ ಮೇಲೆ ದಾನಿಯ ಹೆಸರಿನ ಫಲಕ ಇರುತ್ತದೆ. ಹಾಳೆ ಕಳಿಸಿದವರ ಹೆಸರು ಎಲ್ಲೂ ಇರುವುದಿಲ್ಲ. ಪರೀಕ್ಷೆಗೆ ಓದುವ ಮಕ್ಕಳ ಬೆರಳು ದಿನವಿಡೀ ಓಡಾಡುವುದು ಆ ಹಾಳೆಗಳ ಮೇಲೆ.