ಜರ್ಮನಿಗೆ ಓದಲು ಹೊರಟವರಿಗೆ ಜಗತ್ ಸರ್ಕಲ್ ಹತ್ತಿರದ ಈ ಕ್ಲಾಸ್ ಹೇಗಿದೆ?

ವಿದೇಶಕ್ಕೆ ಓದಲು ಹೋಗುವವರಿಗೆ ಅಲ್ಲಿನ ಆಫೀಸು, ವ್ಯಾಪಾರದ ರೀತಿ ರಿವಾಜು ಹೇಳಿಕೊಡುವ ಕ್ಲಾಸ್ ಇದು. ಶನಿವಾರ, ಭಾನುವಾರ ಮಾತ್ರ. ಕಲಬುರಗಿಯ ಜಗತ್ ಸರ್ಕಲ್ ಹತ್ತಿರ, ಮೆಡಿಕಲ್ ಶಾಪ್ ಮೇಲಿನ ಮಹಡಿ. ನಾನು ಜರ್ಮನಿ ಬ್ಯಾಚಿನಲ್ಲಿದ್ದೆ. ಈಗ ಜರ್ಮನಿಯಲ್ಲೇ ಓದುತ್ತಾ ಒಂದು ಮಷೀನ್ ಕಂಪನಿಯಲ್ಲಿ ಪಾರ್ಟ್ ಟೈಮ್ ಕೆಲಸ ಮಾಡುತ್ತಿದ್ದೇನೆ. ಕ್ಲಾಸ್ ಉಪಯೋಗಕ್ಕೆ ಬಂತಾ ಅಂತ ಊರಲ್ಲಿ ಜಾಸ್ತಿ ಜನ ಕೇಳುತ್ತಾರೆ. ಬಂತು, ಆದರೆ ಪೂರ್ತಿ ಅಲ್ಲ.

ಕೈ ಕುಲುಕುವುದು, ಟೈಮಿಗೆ ಸರಿಯಾಗಿ ಹೋಗುವುದು, ಇವೆಲ್ಲ ಯೂಟ್ಯೂಬ್‌ನಲ್ಲೂ ಸಿಗುತ್ತವೆ. ದುಡ್ಡು ಕೊಟ್ಟಿದ್ದು ಸಾರ್ಥಕ ಅನ್ನಿಸಿದ್ದು ಮೀಟಿಂಗ್ ಅಭ್ಯಾಸದಲ್ಲಿ. ಮೇಡಂ ಮ್ಯಾನೇಜರ್ ಆಗಿ ಕೂತರು. ಮುಂದೆ ಒಂದು ಹಾಳೆ, ಅದರಲ್ಲಿ ಮೂರೇ ವಿಷಯ, ಪ್ರತಿಯೊಂದಕ್ಕೂ ಹತ್ತು ನಿಮಿಷ. "ಶುಕ್ರವಾರಕ್ಕೆ ರಿಪೋರ್ಟ್ ಆಗುತ್ತಾ?" ಅಂದರು. ಆಳಂದದ ಹುಡುಗ ಥಟ್ಟನೆ "ಆಯ್ತ್ರಿ ಮೇಡಂ" ಅಂದ. "ಎಷ್ಟು ತಾಸಿನ ಕೆಲಸ, ಲೆಕ್ಕ ಹಾಕಿ ಹೇಳು" ಅಂತ ಪೆನ್ನು ಕೈಗಿಟ್ಟರು. ಲೆಕ್ಕ ಹಾಕಿದರೆ ಮುಂದಿನ ವಾರದ ಮಂಗಳವಾರಕ್ಕಿಂತ ಮೊದಲು ಆಗೋದಿಲ್ಲ. ಅದನ್ನೇ ನೇರವಾಗಿ, ನಾಚಿಕೊಳ್ಳದೆ ಹೇಳುವ ತನಕ ಬಿಡಲಿಲ್ಲ.

ನಮ್ಮಪ್ಪಂದು ನೆಹರು ಗಂಜ್‌ನಲ್ಲಿ ತೊಗರಿ ಅಡತ್ ಅಂಗಡಿ, ಅಂದರೆ ರೈತರ ಮಾಲು ಕಮಿಷನ್ ಮೇಲೆ ಮಾರಿಸುವ ಅಂಗಡಿ. ಅಲ್ಲಿ ಮೊದಲು ಚಹಾ, ಆಮೇಲೆ ಮಳೆ ಬೆಳೆ, ಮನೆ ಮಂದಿ, ಕೊನೆಗೆ ರೇಟು. ಹಳೇ ರೈತನ ಮುಖಕ್ಕೆ ಆಗೋದಿಲ್ಲ ಅಂತ ಯಾರೂ ಅನ್ನೋದಿಲ್ಲ. ಆ ಪರಿಚಯದ ಮೇಲೇ ಸಾಲ, ಉದ್ರಿ ಎಲ್ಲ ನಡೆಯಬೇಕಲ್ವಾ? ಅದರಲ್ಲಿ ಬೆಳೆದ ನನಗೆ ಈ ಅಭ್ಯಾಸ ತುಂಬಾ ಬೇಕಿತ್ತು. ಆಫೀಸಿನಲ್ಲಿ ಒಂದು ಸಲ ಡೇಟಾ ಬಂದಿರಲಿಲ್ಲ. ಎರಡು ದಿನ ತಡ ಆಗುತ್ತೆ ಅಂತ ಮೊದಲೇ ಮೇಲ್ ಹಾಕಿದೆ. ನಮ್ಮ ಮ್ಯಾನೇಜರ್ ಥ್ಯಾಂಕ್ಸ್ ಹೇಳಿ ಪ್ಲಾನಿನಲ್ಲಿ ತಾರೀಖು ಬದಲಿಸಿದರು, ಅಷ್ಟೇ. ನನ್ನ ರಿಪೋರ್ಟಿನ ತಪ್ಪುಗಳನ್ನೂ ಅವರು ಹೀಗೇ ನೇರವಾಗಿ ತೋರಿಸುತ್ತಾರೆ. ಮಧ್ಯಾಹ್ನ ಅದೇ ಟೇಬಲ್ಲಿನಲ್ಲಿ ಒಟ್ಟಿಗೆ ಊಟ ಮಾಡುತ್ತೇವೆ. ಯಾರಿಗೂ ಬೇಜಾರಿಲ್ಲ.

ಕೊರತೆ ಇರುವುದು ಕೆಲಸದ ಕಾನೂನಿನ ಭಾಗದಲ್ಲಿ. ಯುರೋಪಿಯನ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ ವರ್ಷಕ್ಕೆ 120 ಪೂರ್ತಿ ದಿನ ಕೆಲಸ ಅಂತ ನೋಟ್ಸಿನಲ್ಲಿತ್ತು. 2024ರ ಮಾರ್ಚ್‌ನಿಂದ ಅದು 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಆಗಿದೆ. ಪ್ರೊಬೇಷನ್ ಆರು ತಿಂಗಳವರೆಗೆ ಇರಬಹುದು, ಪಾರ್ಟ್ ಟೈಮ್ ಕೆಲಸಕ್ಕೂ ಸಂಬಳ ಸಹಿತ ರಜೆ ಉಂಟು, ಇದ್ಯಾವುದನ್ನೂ ಹೇಳಲಿಲ್ಲ. ಮನೆಯಿಂದ ಅಷ್ಟು ದೂರ ಒಬ್ಬರೇ ಇರುವ ಹುಡುಗರಿಗೆ ಇದು ಮೊದಲು ಗೊತ್ತಿರಬೇಕು. ಕಾಂಟ್ರಾಕ್ಟ್ ಓದಿಯೇ ಸಹಿ ಮಾಡಿ ಅನ್ನುವುದೂ ಪಾಠವೇ ತಾನೆ.

ಇನ್ನೊಂದು, ನೋಟ್ಸ್ ಪೂರ್ತಿ ಇಂಗ್ಲಿಷ್. ನಾವು ಕೇಳಿದರೆ ಮೇಡಂ ಚೆಂದ ಕನ್ನಡದಲ್ಲಿ ಬಿಡಿಸಿ ಹೇಳುತ್ತಾರೆ. ಆದರೆ ಜೇವರ್ಗಿ, ಚಿಂಚೋಳಿ ಕಡೆಯಿಂದ ಕನ್ನಡ ಮೀಡಿಯಂ ಓದಿ ಬಂದವರು ಮನೆಗೆ ಹೋಗಿ ಏನು ಓದಬೇಕು?

ಜರ್ಮನಿಗೆ ಹೋಗುವುದು ಪಕ್ಕಾ ಆದವರು ಸೇರಿ, ಮೀಟಿಂಗ್ ಅಭ್ಯಾಸದ ದಿನ ಮಾತ್ರ ತಪ್ಪಿಸಬೇಡಿ. ಕೆಲಸದ ನಿಯಮ ಬರೆದ ನನ್ನ ಕನ್ನಡ ನೋಟ್ಸ್ ಮೇಡಂಗೆ ಕಳಿಸಿದ್ದೇನೆ. ಹೊಸ ಬ್ಯಾಚಿನವರು ಕೇಳಿ ಇಸ್ಕೊಳ್ಳಿ.